ಮುಂಬಯಿ ಬಂದರಿನ ಬಿಸಿಲಿಗೊಂದು ತಂಪು ಕನ್ನಡಕ: ಹಾಯಿದೋಣಿಯವರು ನೋಡಬೇಕಾದದ್ದು

ಹಾಯಿದೋಣಿ ನಡೆಸಲು ಹೊಸದಾಗಿ ಕಲಿಯುವವರು ಮುಂಬಯಿಯಲ್ಲಿ ನನ್ನನ್ನು ಹೆಚ್ಚಾಗಿ ಕೇಳುವುದು ಲೈಫ್ ಜಾಕೆಟ್ಟಿನ ಬಗ್ಗೆ ಅಲ್ಲ, ತಂಪು ಕನ್ನಡಕದ ಬಗ್ಗೆ. ಅದರಲ್ಲಿಯೂ "ಯಾವ ಕಂಪನಿಯದು ತೆಗೆದುಕೊಳ್ಳಲಿ?" ಎಂಬುದೇ ಮೊದಲ ಮಾತು. ಕಂಪನಿಯ ಹೆಸರನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ರಸ್ತೆಯಲ್ಲಿ ಕಾರು ಓಡಿಸುವವನಿಗೆ, ಕ್ರಿಕೆಟ್ ಮೈದಾನದಲ್ಲಿ ನಿಲ್ಲುವವನಿಗೆ ಒಗ್ಗುವ ಕನ್ನಡಕ ದೋಣಿಯಲ್ಲಿ ಕೂರುವವನಿಗೆ ಒಗ್ಗಬೇಕೆಂದಿಲ್ಲ. ಇಲ್ಲಿ ಬೆಳಕು ಮೇಲಿನಿಂದ ಮಾತ್ರ ಬರದೆ ಕೆಳಗಿನಿಂದಲೂ ಪಕ್ಕದಿಂದಲೂ ಬರುತ್ತದೆ, ಗಾಳಿಯಲ್ಲಿ ಉಪ್ಪು ಇರುತ್ತದೆ, ಕೈಗಳೆರಡೂ ಹಗ್ಗ ಮತ್ತು ಚುಕ್ಕಾಣಿಯ ಮೇಲಿರುತ್ತವೆ, ಮುಖದಿಂದ ಜಾರಿದ ವಸ್ತು ನೆಲಕ್ಕೆ ಬೀಳದೆ ನೇರವಾಗಿ ನೀರಿಗೆ ಬೀಳುತ್ತದೆ. ಆದ್ದರಿಂದ ಗಾಜು ಎಷ್ಟು ಕಪ್ಪಗಿದೆ ಎಂಬುದಕ್ಕಿಂತ ಕನ್ನಡಕವು ಕಣ್ಣನ್ನು ಎಷ್ಟು ಸುತ್ತುವರಿಯುತ್ತದೆ ಮತ್ತು ಮುಖದ ಮೇಲೆ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದನ್ನೇ ಮೊದಲು ನೋಡಬೇಕು.

ಮುಂಬಯಿಯ ಮಟ್ಟಿಗೆ ಇದಕ್ಕೆ ಇನ್ನೂ ಒಂದು ಕಾರಣವಿದೆ. ಅಕ್ಟೋಬರಿನಿಂದ ಮೇ ತಿಂಗಳವರೆಗಿನ ನಮ್ಮ ಹಾಯಿ ಹಂಗಾಮಿನಲ್ಲಿ ಬೆಳಗಿನ ಗಾಳಿ ಸಾಮಾನ್ಯವಾಗಿ ದುರ್ಬಲವಾಗಿದ್ದು, ಮಧ್ಯಾಹ್ನದ ಹೊತ್ತಿಗೆ ನೆಲ ಕಾದ ಮೇಲೆ ಪಶ್ಚಿಮ ಮತ್ತು ವಾಯವ್ಯದ ಕಡೆಯಿಂದ ಕಡಲಗಾಳಿ ಏಳುತ್ತದೆ. ಹೀಗಾಗಿ ಪಂದ್ಯಗಳೂ ವಾರಾಂತ್ಯದ ತಿರುಗಾಟಗಳೂ ಬಹುಪಾಲು ಮಧ್ಯಾಹ್ನದ ನಂತರವೇ ನಡೆಯುತ್ತವೆ. ಎದುರುಗಾಳಿಗೆ ಅಡ್ಡಡ್ಡ ಹಾಯುತ್ತ ಮೇಲೇರುವಾಗ ನಮ್ಮ ಮುಖ ಪಶ್ಚಿಮಕ್ಕಿರುತ್ತದೆ, ಸೂರ್ಯನೂ ಆ ಹೊತ್ತಿಗೆ ಅಲ್ಲಿಯೇ ಇರುತ್ತಾನೆ. ಡಿಸೆಂಬರಿನಲ್ಲಿ ಅವನು ನೈಋತ್ಯದ ಕಡೆಗೆ ವಾಲಿ ಮುಳುಗುವುದರಿಂದ ಸ್ವಲ್ಪ ಎಡಕ್ಕೆ ಸರಿದಿರುತ್ತಾನೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಾದರೋ ಪಶ್ಚಿಮದಿಂದ ಉತ್ತರಕ್ಕೆ ಸರಿದು ಗಾಳಿ ಬರುವ ದಿಕ್ಕಿನಲ್ಲಿಯೇ ಇಳಿಯುತ್ತಾನೆ. ಎಲಿಫಂಟಾ ಕಡೆಯಿಂದಲೋ ಬಂದರಿನ ನಡುವಿನಿಂದಲೋ ಗೇಟ್‌ವೇ ಆಫ್ ಇಂಡಿಯಾದ ಮುಂದಿನ ಲಂಗರಿನ ಜಾಗಕ್ಕೆ ಹಿಂತಿರುಗುವಾಗಲೂ ಸ್ಥಿತಿ ಬೇರೆಯಲ್ಲ. ತಾಜ್ ಹೋಟೆಲಿನ ಹಿಂದೆ ಸೂರ್ಯ ಮರೆಯಾಗುವ ತನಕ ಅವನಿಂದ ನಮ್ಮ ದೋಣಿಯವರೆಗೆ ನೀರಿನ ಮೇಲೆ ಬೆಳಕಿನ ಹಾದಿ ಉರಿಯುತ್ತಲೇ ಇರುತ್ತದೆ, ಆ ಹಾದಿಯಲ್ಲಿಯೇ ಎದುರಿನ ದೋಣಿಗಳನ್ನು ಹುಡುಕಿಕೊಳ್ಳಬೇಕಾಗುತ್ತದೆ.

ನಡುಹಗಲಿನ ಬಿಸಿಲಿನಲ್ಲಿ ಚರ್ಮಕ್ಕೆ ಅಪಾಯ ಹೆಚ್ಚು. ಕಣ್ಣಿಗೆ ಮಾತ್ರ ಲೆಕ್ಕ ಬೇರೆ. ಸೂರ್ಯ ನೆತ್ತಿಯ ಮೇಲಿರುವಾಗ ಹುಬ್ಬಿನ ಮೂಳೆ ಮತ್ತು ರೆಪ್ಪೆ ಕಣ್ಣಿಗೆ ಸಹಜವಾದ ಚಾವಣಿಯಾಗುತ್ತವೆ. ಬೆಳಗಿನ ಒಂಬತ್ತು, ಹತ್ತರ ಬಿಸಿಲು ಮತ್ತು ಇಳಿಹೊತ್ತಿನ ಬಿಸಿಲು ಆ ಚಾವಣಿಯ ಅಡಿಯಿಂದ ನುಗ್ಗುತ್ತವೆ. ಇದರ ಜೊತೆಗೆ ನೀರು, ನೊರೆ, ಬಿಳಿಯ ಹಾಯಿ, ಬಿಳಿಯ ಡೆಕ್ ಎಲ್ಲವೂ ಬೆಳಕನ್ನು ತಿರುಗಿಸಿ ಕಣ್ಣಿಗೆ ಎಸೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಸಮುದ್ರದ ನೊರೆಯು ನೇರಳಾತೀತ ಕಿರಣಗಳಲ್ಲಿ ಸುಮಾರು ಶೇ. 25ರಷ್ಟನ್ನೂ ಒಣ ಮರಳು ಸುಮಾರು ಶೇ. 15ರಷ್ಟನ್ನೂ ಪ್ರತಿಫಲಿಸುತ್ತವೆ. ತೆಳುವಾದ ಮೋಡ ಕವಿದ ದಿನ ಸೆಕೆ ಕಡಿಮೆಯೆನಿಸಿದರೂ ಈ ಕಿರಣಗಳು ಮೋಡವನ್ನು ದಾಟಿ ಬರುತ್ತವೆ ಎಂಬುದನ್ನು ನಮ್ಮಲ್ಲಿ ಅನೇಕರು ಮರೆಯುತ್ತಾರೆ.

ಮಲ್ಪೆಯಲ್ಲಿ ನನ್ನ ಅಜ್ಜನ ಎರಡೂ ಕಣ್ಣುಗಳಲ್ಲಿ ಮೂಗಿನ ಕಡೆಯ ಮೂಲೆಯಿಂದ ಕಪ್ಪುಗುಡ್ಡೆಯತ್ತ ಚಾಚಿಕೊಂಡ, ತುಸು ಗುಲಾಬಿ ಬಣ್ಣದ, ತ್ರಿಕೋನಾಕಾರದ ಮಾಂಸದ ಪೊರೆಯೊಂದಿತ್ತು. ಹತ್ತಿರದಿಂದ ನೋಡಿದರೆ ಅದರೊಳಗೆ ಕೆಂಪು ನರಗಳು ಕವಲೊಡೆದು ಹರಿಯುವುದು ಕಾಣುತ್ತಿತ್ತು. ವೈದ್ಯರು ಅದನ್ನು ಟೆರಿಜಿಯಮ್ ಎಂದು ಕರೆಯುತ್ತಾರೆ. ಬಿಸಿಲು, ಗಾಳಿ, ಧೂಳುಗಳಿಗೆ ವರ್ಷಗಟ್ಟಲೆ ಒಡ್ಡಿಕೊಂಡವರಲ್ಲಿ, ಅಂದರೆ ಮೀನುಗಾರರಲ್ಲಿ, ರೈತರಲ್ಲಿ, ಹಲಗೆಯ ಮೇಲೆ ನಿಂತು ಅಲೆ ಸವಾರಿ (ಸರ್ಫಿಂಗ್) ಮಾಡುವವರಲ್ಲಿ ಅದು ಹೆಚ್ಚು. ಅದು ಬಹುತೇಕ ಮೂಗಿನ ಬದಿಯಲ್ಲಿಯೇ ಹುಟ್ಟುವುದಕ್ಕೆ ಕಣ್ಣಿನ ವೈದ್ಯರು ಕೊಡುವ ವಿವರಣೆ ಕನ್ನಡಕ ಕೊಳ್ಳುವವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕಿವಿಯ ಕಡೆಯಿಂದ, ಓರೆಯಾಗಿ ಬಂದ ಬೆಳಕನ್ನು ಕಣ್ಣಿನ ಮುಂಭಾಗದ ಪಾರದರ್ಶಕ ಗೋಳವು ಬಾಗಿಸಿ ಎದುರು ಬದಿಯ, ಅಂದರೆ ಮೂಗಿನ ಕಡೆಯ ಅಂಚಿನಲ್ಲಿ ಒಂದೆಡೆ ಕೂಡಿಸುತ್ತದೆ. ಹಾಗಾಗಿ ಮುಂದೆ ಎಷ್ಟೇ ಒಳ್ಳೆಯ ಗಾಜಿದ್ದರೂ ಪಕ್ಕ ಬಯಲಾಗಿದ್ದರೆ, ಹಾನಿ ಮಾಡುವ ಬೆಳಕಿಗೆ ಬಾಗಿಲು ತೆರೆದಿಟ್ಟಂತೆಯೇ ಸರಿ. ಸಿನಿಮಾ ನಟರ ಮುಖದಲ್ಲಿ ಚೆನ್ನಾಗಿ ಕಾಣುವ, ತೆಳುವಾದ ಲೋಹದ ಕಡ್ಡಿಗಳಿರುವ ಚಪ್ಪಟೆ ಕನ್ನಡಕಗಳನ್ನು ನಾನು ದೋಣಿಗೆ ಬೇಡವೆನ್ನುವುದು ಇದೇ ಕಾರಣಕ್ಕೆ. ಕೆನ್ನೆಗೂ ಕಣತಲೆಗೂ ಹೊಂದಿ ಬಾಗಿದ ಚೌಕಟ್ಟು, ಅಗಲವಾದ ಕಡ್ಡಿ, ಹುಬ್ಬಿನ ಹತ್ತಿರ ಸಂದು ಬಿಡದ ಮೇಲಂಚು, ಇವು ಇದ್ದರೆ ಅರ್ಧ ಕೆಲಸ ಆದಂತೆ.

ಇನ್ನು ಗಾಜಿನ ಕಪ್ಪು. ಕೊಲಾಬಾ ಕಾಸ್‌ವೇಯ ಕಾಲುದಾರಿಯಲ್ಲಿ, ಬಾಂದ್ರಾದ ಲಿಂಕಿಂಗ್ ರೋಡಿನಲ್ಲಿ ಸಾಲಾಗಿ ನೇತುಹಾಕಿದ ಕನ್ನಡಕಗಳ ಮೇಲೆಲ್ಲ "ಯುವಿ 400" ಎಂಬ ಚೀಟಿ ಅಂಟಿಸಿರುತ್ತದೆ. ಆ ಮಾತಿನ ಅರ್ಥ 400 ನ್ಯಾನೋಮೀಟರುಗಳವರೆಗಿನ ಕಿರಣಗಳನ್ನು, ಅಂದರೆ ನೇರಳಾತೀತದ ಎ ಮತ್ತು ಬಿ ಎರಡೂ ವರ್ಗಗಳನ್ನು, ಗಾಜು ತಡೆಯುತ್ತದೆ ಎಂದು. ಚೀಟಿ ಮಾತ್ರ ಯಾರು ಬೇಕಾದರೂ ಅಚ್ಚು ಹಾಕಿಸಬಹುದಾದದ್ದು. ಕಪ್ಪು ಬಣ್ಣಕ್ಕೂ ಈ ತಡೆಗೂ ಸಂಬಂಧವಿಲ್ಲ. ಬಣ್ಣವಿಲ್ಲದ ಗಾಜಿಗೂ ಈ ಗುಣವನ್ನು ಕೊಡಬಹುದು, ಕಡುಗಪ್ಪಾದ ಕೆಟ್ಟ ಪ್ಲಾಸ್ಟಿಕ್ಕಿನಲ್ಲಿ ಅದು ಇಲ್ಲದಿರಬಹುದು. ಎರಡನೆಯದು ಬರಿಗಣ್ಣಿಗಿಂತ ಕೆಟ್ಟದ್ದಾಗಬಹುದು, ಏಕೆಂದರೆ ಕತ್ತಲಾಯಿತೆಂದು ಭಾವಿಸಿ ಕಣ್ಣಿನ ಪಾಪೆ ಹಿಗ್ಗುತ್ತದೆ, ಮುಖ ಕಿವುಚಿ ಕಣ್ಣು ಕಿರಿದು ಮಾಡಿಕೊಳ್ಳುವ ಸಹಜ ರಕ್ಷಣೆಯೂ ನಿಂತುಹೋಗುತ್ತದೆ. ಅನೇಕ ಕನ್ನಡಕದ ಅಂಗಡಿಗಳಲ್ಲಿ ಗಾಜನ್ನು ಇಟ್ಟು ಈ ತಡೆಯನ್ನು ಅಳೆಯುವ ಚಿಕ್ಕ ಯಂತ್ರವಿರುತ್ತದೆ. ರಸ್ತೆಬದಿಯಲ್ಲಿ ಕೊಂಡದ್ದಾದರೂ ಸಂಕೋಚ ಬಿಟ್ಟು ಅಲ್ಲಿಗೆ ಒಯ್ದು ಪರೀಕ್ಷೆ ಮಾಡಿಸಿಕೊಳ್ಳಬಹುದು. ಒಂದು ನಿಮಿಷದ ಕೆಲಸ.

ಕಪ್ಪಿನ ಪ್ರಮಾಣಕ್ಕೆ ಐಎಸ್‌ಒ 12312-1 ಎಂಬ ಅಂತರರಾಷ್ಟ್ರೀಯ ಮಾನಕವಿದ್ದು, ಅದರ ಪ್ರಕಾರ ಗಾಜುಗಳನ್ನು 0ರಿಂದ 4ರವರೆಗೆ ವಿಂಗಡಿಸುತ್ತಾರೆ. ಕಡ್ಡಿಯ ಒಳಬದಿಯಲ್ಲಿ ಈ ಅಂಕಿ ಅಚ್ಚಾಗಿರುವುದುಂಟು. 2ನೆಯ ವರ್ಗದ ಗಾಜು ಬೆಳಕಿನ ಶೇ. 18ರಿಂದ 43ರಷ್ಟನ್ನೂ 3ನೆಯದು ಶೇ. 8ರಿಂದ 18ರಷ್ಟನ್ನೂ 4ನೆಯದು ಶೇ. 3ರಿಂದ 8ರಷ್ಟನ್ನೂ ಒಳಗೆ ಬಿಡುತ್ತದೆ. ನಮ್ಮ ಬಂದರಿಗೆ 3ನೆಯ ವರ್ಗ ಸಾಕು. 4ನೆಯದು ಹಿಮಪರ್ವತಗಳಿಗೆ ಸರಿಯಾದದ್ದು. ಅದನ್ನು ಧರಿಸಿ ವಾಹನ ಓಡಿಸುವಂತಿಲ್ಲ, ಹಾಯಿಯ ನೆರಳಿಗೆ ಬಂದ ಕ್ಷಣದಲ್ಲಿ ಕಾಲ ಬಳಿ ಇರುವ ಹಗ್ಗ ಯಾವುದು ಎಂದು ತಡಕಾಡಬೇಕಾಗುತ್ತದೆ.

ಪೋಲರೈಸ್ಡ್ ಗಾಜು ಬೇಕೇ ಬೇಡವೇ ಎಂಬ ಚರ್ಚೆ ದೋಣಿಯವರ ನಡುವೆ ಎಂದೂ ಮುಗಿಯುವುದಿಲ್ಲ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೂರ್ಯನ ಬೆಳಕಿನ ಅಲೆಗಳು ಎಲ್ಲ ದಿಕ್ಕಿನಲ್ಲಿಯೂ ಕಂಪಿಸುತ್ತವೆ. ಅದು ನೀರಿಗೆ ತಾಗಿ ಚಿಮ್ಮಿದಾಗ ಅಡ್ಡಡ್ಡ ಕಂಪಿಸುವ ಭಾಗವೇ ಹೆಚ್ಚಾಗಿ ಪ್ರತಿಫಲಿಸುತ್ತದೆ. ಪೋಲರೈಸ್ಡ್ ಗಾಜಿನೊಳಗಿನ ಹಾಳೆ ಈ ಅಡ್ಡ ಭಾಗವನ್ನು ತಡೆದು ಉದ್ದುದ್ದ ಕಂಪಿಸುವುದನ್ನು ಮಾತ್ರ ಬಿಡುವುದರಿಂದ, ಝಗಝಗಿಸುವ ನೀರು ಒಮ್ಮೆಲೇ ತಣ್ಣಗಾಗಿ ಅದರ ನಿಜವಾದ ಬಣ್ಣ ಮೇಲೆ ಬರುತ್ತದೆ. ಪ್ರತಿಫಲನದಲ್ಲಿ ಈ ಗುಣ ಪೂರ್ಣವಾಗುವ ಕೋನವೊಂದಿದೆ ಎಂಬ ನಿಯಮವನ್ನು ಡೇವಿಡ್ ಬ್ರೂಸ್ಟರ್ 1815ರಲ್ಲಿ ರೂಪಿಸಿದ. ನೀರಿನ ಮಟ್ಟಿಗೆ ಲಂಬದಿಂದ ಸುಮಾರು 53 ಡಿಗ್ರಿ, ಅಂದರೆ ಸೂರ್ಯ ದಿಗಂತದಿಂದ ಸುಮಾರು 37 ಡಿಗ್ರಿ ಮೇಲಿರುವಾಗ. ಮಾರ್ಚ್ ತಿಂಗಳ ಮುಂಬಯಿಯಲ್ಲಿ ಅವನು ಆ ಎತ್ತರಕ್ಕೆ ಇಳಿಯುವುದು ಸಾಯಂಕಾಲ ಹೆಚ್ಚುಕಡಿಮೆ ನಾಲ್ಕು ಗಂಟೆಗೆ, ಅಂದರೆ ಕಡಲಗಾಳಿ ಚೆನ್ನಾಗಿ ಬೀಸುತ್ತಿರುವ ಹೊತ್ತಿನಲ್ಲಿಯೇ. ನಮ್ಮ ಹಾಯಿಯ ಹೊತ್ತಿಗೂ ಈ ಗಾಜಿನ ಉಪಯೋಗದ ಹೊತ್ತಿಗೂ ಇಷ್ಟು ಚೆನ್ನಾಗಿ ಹೊಂದಾಣಿಕೆಯಾಗುವುದು ನಮ್ಮ ಅದೃಷ್ಟ.

ಆದರೆ ಐದೂವರೆ, ಆರರ ಹೊತ್ತಿಗೆ ಸೂರ್ಯ ಇನ್ನೂ ಕೆಳಗಿಳಿದಾಗ ಪ್ರತಿಫಲಿಸಿದ ಬೆಳಕಿನಲ್ಲಿ ಅಡ್ಡ ಕಂಪನದ ಮೇಲುಗೈ ಕಡಿಮೆಯಾಗುತ್ತದೆ, ಗಾಜಿನ ಪ್ರಭಾವವೂ ಅಷ್ಟಕ್ಕೆ ಇಳಿಯುತ್ತದೆ. ನೇರವಾಗಿ ಕಣ್ಣಿಗೆ ಹೊಡೆಯುವ ಬಿಸಿಲಿಗಂತೂ ಅದರಿಂದ ವಿಶೇಷ ತಡೆಯಿಲ್ಲ. ಆ ಹೊತ್ತಿನಲ್ಲಿ ಮುಂಚಾಚು ಇರುವ ಟೋಪಿಯೇ ಕನ್ನಡಕಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತದೆ. ಇನ್ನೊಂದು ಮಿತಿ ನಮ್ಮ ತಲೆಯದು. ತಲೆ ನೆಟ್ಟಗಿರುವಾಗ ಮಾತ್ರ ಗಾಜಿನ ತಡೆ ನೀರಿನ ಪ್ರತಿಫಲನಕ್ಕೆ ಸರಿಯಾಗಿ ಎದುರು ನಿಲ್ಲುತ್ತದೆ. ದೋಣಿ ವಾಲಿದಾಗ, ಹೊರಕ್ಕೆ ಬಾಗಿ ಕುಳಿತು ಹಾಯಿಯ ಮೇಲ್ತುದಿಯನ್ನು ನೋಡುವಾಗ ತಲೆ 20 ಡಿಗ್ರಿ ಓರೆಯಾದರೆ ಆ ಅಡ್ಡ ಬೆಳಕಿನ ಸುಮಾರು ಶೇ. 12ರಷ್ಟು ನುಸುಳುತ್ತದೆ, 30 ಡಿಗ್ರಿಗೆ ಕಾಲುಭಾಗ, 45 ಡಿಗ್ರಿಗೆ ಅರ್ಧ. ನೀರು ಒಮ್ಮೆ ಕಪ್ಪಗೆ, ಒಮ್ಮೆ ಬೆಳ್ಳಗೆ ಕಾಣುತ್ತಿದೆಯೆಂದು ಹೊಸಬರು ದೂರುವುದಕ್ಕೆ ಕಾರಣ ಇದೇ. ಕನ್ನಡಕ ಕೆಟ್ಟಿಲ್ಲ, ಕತ್ತು ಓರೆಯಾಗಿದೆ ಅಷ್ಟೇ.

ಪೋಲರೈಸ್ಡ್ ಗಾಜಿನ ಜಾಹೀರಾತುಗಳಲ್ಲಿ ನೀರಿನಡಿಯ ಹವಳ ತೋರಿಸುತ್ತಾರೆ. ಮುಂಬಯಿ ಬಂದರಿನ ಕೆಸರು ನೀರಿನಲ್ಲಿ ಅದನ್ನು ನಿರೀಕ್ಷಿಸಬಾರದು. ಇಲ್ಲಿ ಒಂದು ಮೊಳದ ಕೆಳಗೆ ಏನೂ ಕಾಣುವುದಿಲ್ಲ, ಬಂಡೆಗಳ ವಿಷಯದಲ್ಲಿ ನಕ್ಷೆಯನ್ನೇ ನಂಬಬೇಕು. ಮುರ್ಡೇಶ್ವರದ ಆಚೆಗಿನ ನೇತ್ರಾಣಿಯಂಥ ತಿಳಿನೀರಿನಲ್ಲಾದರೆ ಆ ಮಾತು ನಿಜ, ಗೋವೆಯ ಮಾಂಡೋವಿ ಅಳಿವೆಯ ಬಳಿ ಮರಳದಿಣ್ಣೆಯ ಮೇಲಿನ ನೀರು ಬಣ್ಣ ಬದಲಿಸುವುದೂ ಇಂಥ ಗಾಜಿನಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ಇದರ ಉಪಯೋಗವಿರುವುದು ನೀರಿನ ಮೇಲಿನ ವಸ್ತುಗಳಿಗೆ. ಇಲ್ಲಿನ ಕೋಳಿ ಸಮುದಾಯದ ಮೀನುಗಾರರ ಬಲೆಗಳ ಥರ್ಮೋಕೋಲ್ ತುಂಡುಗಳು, ನೀರಿನಿಂದ ಗೇಣುದ್ದ ಮೇಲೆದ್ದ ಬಲೆಯ ಕಂಬಗಳು, ಅರ್ಧ ಮುಳುಗಿದ ಮರದ ದಿಮ್ಮಿ, ತೇಲುವ ಹಗ್ಗದ ಸಿಂಬಿ, ಇವೆಲ್ಲ ಬೆಳಕಿನ ಹಾದಿಯೊಳಗೆ ಅಡಗಿರುತ್ತವೆ. ಚುಕ್ಕಾಣಿಗೆ ಬಲೆ ಸುತ್ತಿಕೊಂಡರೆ ನಮ್ಮ ಸಂಜೆ ಹಾಳಾಗುವುದಷ್ಟೇ ಅಲ್ಲ, ಒಬ್ಬ ಮೀನುಗಾರನ ದುಡಿಮೆಯೂ ಹರಿದುಹೋಗುತ್ತದೆ.

ಪಂದ್ಯದವರ ಆಕ್ಷೇಪ ಬೇರೆ. ಗಾಳಿಯ ಹೊಸ ಬೀಸು ನೀರಿನ ಮೇಲೆ ಕಪ್ಪು ಮಚ್ಚೆಯಾಗಿ ಓಡಿ ಬರುತ್ತದೆ. ಸಣ್ಣ ತೆರೆಗಳು ಎದ್ದು ನೀರಿನ ಮೈ ಒರಟಾದಾಗ ಅದು ದಿಗಂತದ ಬಳಿಯ ಬಿಳಿ ಆಕಾಶವನ್ನು ಬಿಟ್ಟು ಮೇಲಿನ ಗಾಢ ಆಕಾಶವನ್ನು ಪ್ರತಿಫಲಿಸುವುದೇ ಇದಕ್ಕೆ ಕಾರಣ. ಪ್ರತಿಫಲನವನ್ನೇ ಅಳಿಸಿದರೆ ಈ ಮಚ್ಚೆಯೂ ಮಸುಕಾಗುವುದಿಲ್ಲವೇ ಎಂದು ಕೆಲವು ಹಿರಿಯ ಚುಕ್ಕಾಣಿಗರು ಕೇಳುತ್ತಾರೆ, ಸಾದಾ ಕಂದು ಗಾಜನ್ನೇ ಧರಿಸುತ್ತಾರೆ. ಅವರ ವಾದದಲ್ಲಿ ಹುರುಳಿಲ್ಲದಿಲ್ಲ. ಸೂರ್ಯ ಬೆನ್ನಿಗಿರುವಾಗ ಎರಡು ಬಗೆಯ ಗಾಜುಗಳಲ್ಲಿ ನನಗೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಆದರೆ ನಾವು ಗಾಳಿಯನ್ನು ಹುಡುಕಬೇಕಾಗಿರುವುದು ಸೂರ್ಯನ ಎದುರಿಗೇ ಆದ್ದರಿಂದ, ಕಣ್ಣು ಕುಕ್ಕುವ ಬೆಳಕಿನಲ್ಲಿ ಮಚ್ಚೆಯೂ ಕಾಣದು, ಅಲೆಯೂ ಕಾಣದು ಎಂಬ ಸ್ಥಿತಿಗಿಂತ ಪೋಲರೈಸ್ಡ್ ಗಾಜೇ ಮೇಲು ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಬೇರೆ ಊರಿನ, ಬೇರೆ ಗಾಳಿಯ ಬಂದರಿನವರು ಬೇರೆ ತೀರ್ಮಾನಕ್ಕೆ ಬಂದರೆ ನನ್ನ ತಕರಾರಿಲ್ಲ.

ಕೊಳ್ಳುವ ಮುಂಚೆ ನಿಮ್ಮ ಮೊಬೈಲನ್ನು ಆ ಗಾಜಿನ ಮೂಲಕ ಅಡ್ಡಕ್ಕೂ ಉದ್ದಕ್ಕೂ ತಿರುಗಿಸಿ ನೋಡಿ. ಮೊಬೈಲಿನ ಮತ್ತು ದೋಣಿಯ ನಕ್ಷೆಯಂತ್ರದ ಪರದೆಗಳು ಹೊರಸೂಸುವ ಬೆಳಕೂ ಒಂದೇ ದಿಕ್ಕಿನಲ್ಲಿ ಕಂಪಿಸುವಂಥದ್ದಾಗಿರುವುದರಿಂದ ಯಾವುದೋ ಒಂದು ಕೋನದಲ್ಲಿ ಪರದೆ ಪೂರ್ತಿ ಕಪ್ಪಾಗಬಹುದು. ಇದರಿಂದ ಎರಡು ಪ್ರಯೋಜನಗಳು: ಗಾಜು ನಿಜವಾಗಿ ಪೋಲರೈಸ್ಡ್ ಹೌದೇ ಎಂಬುದು ಗೊತ್ತಾಗುತ್ತದೆ, ನಕ್ಷೆಯನ್ನು ನೀವು ಹಿಡಿಯುವ ರೀತಿಯಲ್ಲಿಯೇ ಅದು ಮಾಯವಾಗುವುದಾದರೆ ಬೇರೆ ಜೋಡಿ ನೋಡಬೇಕೆಂಬುದೂ ತಿಳಿಯುತ್ತದೆ. ಅಂಗಡಿಯಲ್ಲಿಯೇ ಕನ್ನಡಕವನ್ನು ತೋಳಿನಳತೆಯಲ್ಲಿ ಹಿಡಿದು ಬಾಗಿಲಿನ ಚೌಕಟ್ಟನ್ನು ಗಾಜಿನ ಮೂಲಕ ನೋಡುತ್ತ ಮೆಲ್ಲಗೆ ಸರಿಸಿ. ನೇರ ಗೆರೆ ಹಾವಿನಂತೆ ಹೊರಳಿದರೆ ಅಂಥ ಗಾಜು ಎರಡು ತಾಸಿನಲ್ಲಿ ತಲೆನೋವು ತರುತ್ತದೆ, ಅಲೆಯ ಮೇಲಾದರೆ ಹೊಟ್ಟೆಯನ್ನೂ ತೊಳಸುತ್ತದೆ.

ಬಣ್ಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೂದು ಗಾಜು ಬಣ್ಣಗಳನ್ನು ಇದ್ದಂತೆ ತೋರಿಸುತ್ತದೆ, ಕಂದು ಮತ್ತು ತಾಮ್ರದ ಬಣ್ಣದವು ನೀಲಿಯನ್ನು ತಗ್ಗಿಸಿ ಅಲೆಗಳ ಏರಿಳಿತವನ್ನು ಎದ್ದು ಕಾಣಿಸುತ್ತವೆ. ಬೇಸಿಗೆಯ ಮಬ್ಬು ಕವಿದ ನಮ್ಮ ಬಂದರಿಗೆ ನಾನು ಕಂದನ್ನೇ ಆರಿಸುತ್ತೇನೆ. ಹಳದಿ, ನೀಲಿ, ಗಾಢ ಗುಲಾಬಿಗಳನ್ನು ಮಾತ್ರ ಬಿಟ್ಟುಬಿಡಿ. ಭಾರತದಲ್ಲಿ ಅನುಸರಿಸುವ, ಕಡಲದಾರಿಯ ಗುರುತುಗಳ ಅಂತರರಾಷ್ಟ್ರೀಯ ಐಎಎಲ್‌ಎ 'ಎ' ಪದ್ಧತಿಯಲ್ಲಿ ಕಡಲಿನಿಂದ ಬಂದರಿಗೆ ಬರುವಾಗ ಕೆಂಪು ತೇಲುಗುರುತು ಎಡಕ್ಕೂ ಹಸಿರು ಬಲಕ್ಕೂ ಇರುತ್ತದೆ. ಹಡಗುಗಳ ಕಾಲುವೆಯನ್ನು ದಾಟುವಾಗ ಈ ಎರಡು ಬಣ್ಣಗಳಲ್ಲಿ ಸಂಶಯ ಬರಬಾರದು. ಕನ್ನಡಿಯಂತೆ ಹೊಳೆಯುವ ಹೊರಲೇಪ ಬೆಳಕನ್ನು ಇನ್ನಷ್ಟು ಕಡಿಮೆ ಮಾಡುತ್ತದೆಂಬುದು ಸರಿ, ಆದರೆ ಅಗ್ಗದ ಗಾಜುಗಳಲ್ಲಿ ಉಪ್ಪು ಮತ್ತು ಸನ್‌ಸ್ಕ್ರೀನ್ ತಾಗಿ ಅದು ತೇಪೆತೇಪೆಯಾಗಿ ಕಿತ್ತು ಬರುತ್ತದೆ. ಅದಕ್ಕಿಂತ ಗಾಜಿನ ಒಳಮೈಗೆ ಹಚ್ಚುವ ಪ್ರತಿಫಲನ ತಡೆಯುವ ಲೇಪ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಸೂರ್ಯ ಬೆನ್ನಿಗಿರುವಾಗ ಬೆಳಕು ಗಾಜಿನ ಒಳಮೈಗೆ ಬಡಿದು ಕಣ್ಣಿಗೆ ಹಿಂತಿರುಗುತ್ತದೆ.

ನಿಜವಾದ ಗಾಜಿನ ಗಾಜು, ಅಂದರೆ ಖನಿಜ ಗಾಜು, ನೋಟಕ್ಕೆ ಅತ್ಯಂತ ತಿಳಿಯಾದದ್ದು, ಗೀರುಗಳೂ ಬೇಗ ಬೀಳುವುದಿಲ್ಲ. ಆದರೂ ಅದು ಭಾರ, ಒಡೆಯಬಲ್ಲದು. ಹಾಯಿಯ ಕೆಳಗಿನ ಅಡ್ಡದಂಡ, ಅಂದರೆ ಬೂಮ್, ಬೀಸಿ ಬಂದಾಗ, ಬಿಗಿದ ಹಗ್ಗ ಸಡಿಲಗೊಂಡು ಮುಖಕ್ಕೆ ಚಾಟಿಯಂತೆ ಹೊಡೆದಾಗ ಕಣ್ಣೆದುರು ಚೂರಾಗುವ ವಸ್ತು ಇರಬಾರದು. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಪೆಟ್ಟು ತಡೆಯುತ್ತದೆ, ಹಗುರ, ನೇರಳಾತೀತ ಕಿರಣಗಳನ್ನು ಬಹುಪಾಲು ತಾನಾಗಿಯೇ ತಡೆಯುತ್ತದೆ. ಮೈಮೇಲೆ ಗಟ್ಟಿ ಲೇಪವಿಲ್ಲದಿದ್ದರೆ ಬೇಗ ಗೀರು ಬೀಳುವುದೊಂದೇ ಅದರ ದೋಷ. ಟ್ರೈವೆಕ್ಸ್ ಎಂಬ ಇನ್ನೊಂದು ಪ್ಲಾಸ್ಟಿಕ್ ನೋಟದಲ್ಲಿ ಇದಕ್ಕಿಂತ ಒಂದು ಕೈ ಮೇಲು, ಬೆಲೆಯಲ್ಲಿಯೂ ಹಾಗೆಯೇ. ಚೌಕಟ್ಟಿಗೆ ಬಾಗಿದರೂ ಮುರಿಯದ ನೈಲಾನ್ ಜಾತಿಯ ಪ್ಲಾಸ್ಟಿಕ್ ಒಳ್ಳೆಯದು. ಕೀಲಿನ ತಿರುಪು ಎಂಥದ್ದೆಂದು ಉಗುರಿನಿಂದ ತಡವಿ ನೋಡಿ, ಅಂಗಡಿಯವನನ್ನು ಕೇಳಿ. ಸಾದಾ ಉಕ್ಕಾದರೆ ಒಂದೇ ಹಂಗಾಮಿನಲ್ಲಿ ತುಕ್ಕು ಹಿಡಿದು ಕೀಲೇ ಕೂತುಹೋಗುತ್ತದೆ.

ಹೊಂದಿಕೆ ನೋಡುವ ಕ್ರಮ ಸರಳ. ಟೋಪಿ ಹಾಕಿಕೊಂಡು ಅದರ ಜೊತೆಗೇ ಕನ್ನಡಕ ಧರಿಸಿ, ತಲೆ ಬಗ್ಗಿಸಿ, ನೆಲ ನೋಡುತ್ತ ಜೋರಾಗಿ ಅಲ್ಲಾಡಿಸಿ. ಅಂಗಡಿಯಲ್ಲಿರುವವರು ವಿಚಿತ್ರವಾಗಿ ನೋಡಿದರೆ ನೋಡಲಿ. ಅಂಗಡಿಯ ತಂಪಿನಲ್ಲಿ ಒಣ ಮೂಗಿನ ಮೇಲೆಯೇ ಜಾರುವ ಕನ್ನಡಕ ಬೆವರು ಮತ್ತು ಸನ್‌ಸ್ಕ್ರೀನ್ ಮೆತ್ತಿದ ಮೂಗಿನ ಮೇಲೆ ಖಂಡಿತ ನಿಲ್ಲುವುದಿಲ್ಲ. ಮೂಗಿನ ಬಳಿಯೂ ಕಿವಿಯ ಹಿಂದೆಯೂ ರಬ್ಬರಿನ ಹಿಡಿತವಿರಬೇಕು, ನಕ್ಕಾಗ ಕೆನ್ನೆ ಚೌಕಟ್ಟನ್ನು ಮೇಲೆ ತಳ್ಳಬಾರದು, ಟೋಪಿಯ ಅಂಚು ಮೇಲಿನಿಂದ ಒತ್ತಬಾರದು. ತೀರಾ ಅಂಟಿಕೊಂಡರೂ ಕಷ್ಟವೇ: ನಮ್ಮ ಸೆಕೆಗೆ ಗಾಜಿನ ಒಳಗೆ ಹಬೆ ಕೂರುತ್ತದೆ. ಹುಬ್ಬಿನ ಬಳಿ ಗಾಳಿಯಾಡುವ ಸಣ್ಣ ರಂಧ್ರಗಳಿರುವ ಚೌಕಟ್ಟು ಸಿಕ್ಕರೆ ಉತ್ತಮ.

ಇಷ್ಟಾದರೂ ಕನ್ನಡಕ ಬೀಳುತ್ತದೆ. ಬಿದ್ದದ್ದು ಈ ಬಂದರಿನಲ್ಲಿ ಮತ್ತೆ ಸಿಗುವುದಿಲ್ಲ. ಕಡ್ಡಿಗಳ ಎರಡೂ ತುದಿಗೆ ಸಿಕ್ಕಿಸಿ ಕುತ್ತಿಗೆಯ ಹಿಂದೆ ಬಿಗಿಯುವ ಪಟ್ಟಿಯಿಲ್ಲದೆ ದೋಣಿ ಹತ್ತಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಪಟ್ಟಿ ಸಡಿಲವಾಗಿ ಬೆನ್ನ ಮೇಲೆ ಜೋತಾಡುತ್ತಿದ್ದರೆ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ತಲೆಯ ಹಿಂಬದಿಗೆ ತಾಗುವಷ್ಟು ಎಳೆದುಕೊಳ್ಳಬೇಕು. ದೊಡ್ಡ ಕ್ರೀಡಾಸಾಮಗ್ರಿ ಮಳಿಗೆಗಳಲ್ಲಿ ತಾನಾಗಿ ತೇಲುವ ಕನ್ನಡಕಗಳೂ ಸಿಗುತ್ತವೆ, ಸಾದಾ ಕನ್ನಡಕವನ್ನು ತೇಲಿಸುವ, ಒಳಗೆ ಸ್ಪಂಜಿನಂಥ ವಸ್ತು ತುಂಬಿದ ಪಟ್ಟಿಗಳೂ ಸಿಗುತ್ತವೆ. ತೇಲುತ್ತದೆಂಬ ಮಾತನ್ನು ಮನೆಯ ಬಕೆಟ್ಟಿನಲ್ಲಿಯೇ ಪರೀಕ್ಷಿಸಿಬಿಡಿ, ಅದರಲ್ಲಿಯೂ ಪವರ್ ಇರುವ ಗಾಜನ್ನು ಕೂರಿಸಿಕೊಂಡಿದ್ದರೆ, ಏಕೆಂದರೆ ಆ ಹೆಚ್ಚುವರಿ ಭಾರಕ್ಕೆ ಮುಳುಗುವ ಸಂಭವವೇ ಹೆಚ್ಚು. ಚೌಕಟ್ಟಿನ ಬಣ್ಣವಾಗಲಿ ಪಟ್ಟಿಯ ಬಣ್ಣವಾಗಲಿ ಕಿತ್ತಳೆಯೋ ಹಳದಿಯೋ ಆಗಿರಲಿ. ಕಪ್ಪು ಕನ್ನಡಕ ಕಂದು ನೀರಿನಲ್ಲಿ ತೇಲಿದರೂ ಒಂದೇ, ಮುಳುಗಿದರೂ ಒಂದೇ.

ನಿತ್ಯ ಪವರ್ ಕನ್ನಡಕ ಹಾಕುವವರ ಪಾಡು ಬೇರೆ. ನನ್ನದು ಮೈನಸ್ ನಾಲ್ಕರ ಆಸುಪಾಸು. ಮಾಟುಂಗದಲ್ಲಿ ನಾನು ಹೋಗುವ ಕನ್ನಡಕದ ಅಂಗಡಿಯ ಹಿರಿಯರು ಉಡುಪಿಯ ಕಡೆಯವರು, ಪೂರ್ತಿ ಬಾಗಿದ ಚೌಕಟ್ಟೊಂದನ್ನು ನಾನು ಎತ್ತಿಕೊಟ್ಟಾಗ ಅವರು ಅದನ್ನು ತಿರುಗಿಸಿ ನೋಡಿ, "ಇಷ್ಟು ಬಾಗಿದ ಫ್ರೇಮಿಗೆ ನಿಮ್ಮ ಪವರ್ ಕೂರಿಸಬಹುದು ಮಾರಾಯ್ರೆ, ಆದ್ರೆ ಅಂಚಿನಲ್ಲಿ ನೆಲವೇ ಎದ್ದು ಬಂದ ಹಾಗೆ ಕಾಣ್ತದೆ. ಸ್ವಲ್ಪ ಕಡಿಮೆ ಬಾಗಿದ್ದು ತಗೊಳ್ಳಿ, ಬದಿಗೆ ಅಗಲ ಕಡ್ಡಿ ಇರ್ಲಿ" ಎಂದರು. ಆ ಸಲಹೆಯನ್ನು ನಾನು ಈಗ ಎಲ್ಲರಿಗೂ ದಾಟಿಸುತ್ತೇನೆ. ಪವರ್ ಹೆಚ್ಚಾದಂತೆ ಬಾಗಿದ ಗಾಜಿನ ಅಂಚಿನಲ್ಲಿ ನೋಟ ತಿರುಚಿಕೊಳ್ಳುತ್ತದೆ. ಮಧ್ಯಮ ಬಾಗು ಮತ್ತು ಅಗಲ ಕಡ್ಡಿಯ ಜೋಡಿಯಲ್ಲಿ ಪಕ್ಕದ ಬೆಳಕಿನ ಬಹುಭಾಗ ತಡೆಯಲ್ಪಡುತ್ತದೆ, ನೋಟವೂ ಕೆಡುವುದಿಲ್ಲ. ಖರ್ಚು ಬೇಡವೆನ್ನುವವರಿಗೆ ಮಾಮೂಲಿ ಕನ್ನಡಕದ ಮೇಲೆಯೇ ಹಾಕುವ, ಬದಿಗಳೂ ಮುಚ್ಚಿರುವ ದೊಡ್ಡ ಕನ್ನಡಕ ಸಿಗುತ್ತದೆ. ನೋಡಲು ಚೆಂದವಿಲ್ಲ, ರಕ್ಷಣೆಗೆ ಕೊರತೆಯಿಲ್ಲ. ಗಾಜಿನ ಮುಂದೆ ಸಿಕ್ಕಿಸುವ ಕ್ಲಿಪ್ಪುಗಳನ್ನು ನಾನು ಒಪ್ಪುವುದಿಲ್ಲ. ಗಾಳಿಗೆ ಅವೇ ಮೊದಲು ಹಾರುತ್ತವೆ. ನಲವತ್ತೈದು ದಾಟಿದವರು ಗಂಟು ಬಿಚ್ಚಲು, ನಕ್ಷೆ ಓದಲು ಕೆಳಭಾಗದಲ್ಲಿ ಓದುವ ಪವರ್ ಇರುವ ತಂಪು ಕನ್ನಡಕ ಮಾಡಿಸಿಕೊಂಡರೆ ಪ್ರತಿ ಸಲ ಜೇಬು ತಡಕುವ ಕಷ್ಟ ತಪ್ಪುತ್ತದೆ.

ಬಿಸಿಲಿಗೆ ತಾನಾಗಿ ಕಪ್ಪಾಗುವ ಗಾಜನ್ನು ಮಾರುವವರು ಒಂದು ವಿಷಯವನ್ನು ಸಾಮಾನ್ಯವಾಗಿ ಹೇಳುವುದಿಲ್ಲ: ಅದು ತಂಪು ಹವೆಯಲ್ಲಿ ಹೆಚ್ಚು ಕಪ್ಪಾಗುತ್ತದೆ, ಬಿಸಿ ಹವೆಯಲ್ಲಿ ಕಡಿಮೆ. ಮೇ ತಿಂಗಳ ಮುಂಬಯಿಯಲ್ಲಿ, ಅತಿ ಹೆಚ್ಚು ಬೇಕಾದ ಹೊತ್ತಿನಲ್ಲಿಯೇ, ಅದು ಅರೆಮನಸ್ಸಿನಿಂದ ಕೆಲಸ ಮಾಡುತ್ತದೆ.

ಉಳಿದದ್ದು ಆರೈಕೆ. ಅಲೆ ಸಿಡಿದು ಗಾಜಿನ ಮೇಲೆ ಕೂತ ಹನಿಗಳು ಗಾಳಿಗೆ ಒಣಗಿದಾಗ ಪ್ರತಿಯೊಂದರ ಜಾಗದಲ್ಲಿಯೂ ಬಿಳಿಯ ಸಣ್ಣ ಬಳೆಯೊಂದು ಉಳಿಯುತ್ತದೆ. ಆ ಬಳೆ ಉಪ್ಪಿನ ಹರಳುಗಳದು. ಅದನ್ನು ಟೀ ಶರ್ಟಿನ ಅಂಚಿನಿಂದ ಒರೆಸುವುದೆಂದರೆ ಲೇಪವನ್ನು ಉಜ್ಜಿ ಕೀಳುವುದು. ಮೊದಲು ಕುಡಿಯುವ ನೀರಿನ ಬಾಟಲಿಯಿಂದ ಒಂದು ಗುಟುಕಿನಷ್ಟು ಸುರಿದು ಉಪ್ಪು ಕರಗಿಸಿ, ಕೊಡವಿ, ಆಮೇಲೆ ಬೇಕಿದ್ದರೆ ಮೆದು ಬಟ್ಟೆ ಮುಟ್ಟಿಸಬೇಕು. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ, ಕೀಲುಗಳ ಸಂದಿಗೂ ತಾಗುವಂತೆ ತೊಳೆದು, ಒಂದು ಹನಿ ಪಾತ್ರೆ ತೊಳೆಯುವ ದ್ರವದಿಂದ ಸನ್‌ಸ್ಕ್ರೀನಿನ ಜಿಡ್ಡು ತೆಗೆದು, ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೆ ಆ ಕಾವಿಗೆ ಲೇಪ ಬಿರಿಯುತ್ತದೆ, ಪೋಲರೈಸ್ಡ್ ಹಾಳೆ ಅಂಚಿನಿಂದ ಏಳುತ್ತದೆ; ಒಮ್ಮೆ ಎದ್ದರೆ ಅದಕ್ಕೆ ರಿಪೇರಿ ಇಲ್ಲ.

ಹಣದ ವಿಷಯದಲ್ಲಿ ನನ್ನ ಲೆಕ್ಕ ಇಷ್ಟು: ಅತಿ ದುಬಾರಿಯ ಒಂದು ಜೋಡಿಗಿಂತ ಮಧ್ಯಮ ಬೆಲೆಯ ಎರಡು ಜೋಡಿ ಮೇಲು, ಒಂದು ಮುಖಕ್ಕೆ, ಇನ್ನೊಂದು ಚೀಲಕ್ಕೆ. ಎರಡನೆಯದು ಪೋಲರೈಸ್ಡ್ ಅಲ್ಲದ 2ನೆಯ ವರ್ಗದ್ದಾಗಿದ್ದರೆ ಸಂಜೆ ಬೆಳಕು ಕುಗ್ಗಿದಾಗ ಬದಲಿಸಿಕೊಳ್ಳಬಹುದು, ಮೊದಲನೆಯದು ನೀರುಪಾಲಾದ ದಿನವೂ ಚುಕ್ಕಾಣಿ ಹಿಡಿದವರು ಕಣ್ಣು ಕಿವುಚಿಕೊಂಡು ಮನೆಗೆ ಬರಬೇಕಾಗುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಎರಡನ್ನೂ ತೆಗೆದಿಡಿ, ಏಕೆಂದರೆ ಆಗ ಎಲಿಫಂಟಾ ಲಾಂಚುಗಳ ಕೆಂಪು, ಹಸಿರು ದೀಪಗಳನ್ನು ಬರಿಗಣ್ಣಿನಲ್ಲಿ ಓದಬೇಕು. ಮೇ ಕೊನೆಗೆ ದೋಣಿಗಳನ್ನು ದಡಕ್ಕೆ ಎಳೆದ ಮೇಲೆ ಕನ್ನಡಕವನ್ನು ತೊಳೆದು, ಪಟ್ಟಿಯನ್ನು ಬೇರ್ಪಡಿಸಿ, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುವ ಚರ್ಮದ ಡಬ್ಬಿಯ ಬದಲು ಸಾದಾ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ; ಅಕ್ಟೋಬರಿನಲ್ಲಿ ಹೊರತೆಗೆದಾಗ ಪಟ್ಟಿಯ ರಬ್ಬರು ಬಿರಿದಿದ್ದರೆ ಮೊದಲ ದಿನವೇ ಹೊಸದನ್ನು ಹಾಕಿಕೊಳ್ಳಿ.